ಮುಚ್ಚಿದ ಬಾನೆಟ್ ‘ತೆರೆದಿದೆ’ ಎಂದಾಗ: ಪಾದಚಾರಿ ರಕ್ಷಣೆಯ ಚಿಲಕದಲ್ಲಿ ದೋಷ ಹುಡುಕುವ ಬಗೆ

ಮಳೆಗಾಲ ಶುರುವಾದ ಮೇಲೆ ಬೆಂಗಳೂರಿನ ಗ್ಯಾರೇಜುಗಳಿಗೆ ಎರಡು ಬಗೆಯ ದೂರುಗಳು ಬರುತ್ತವೆ. ಒಂದು, ಬಾನೆಟ್ ಗಟ್ಟಿಯಾಗಿ ಮುಚ್ಚಿದ್ದರೂ ‘ಬಾನೆಟ್ ತೆರೆದಿದೆ’ ಎಂಬ ಸಂದೇಶ. ಇನ್ನೊಂದು, ಪಾದಚಾರಿ ರಕ್ಷಣಾ ವ್ಯವಸ್ಥೆಯಲ್ಲಿ (ಕಾರು ಗುದ್ದಿದಾಗ ಬಾನೆಟ್ಟನ್ನು ಮೇಲೆತ್ತಿ ಪಾದಚಾರಿಯ ತಲೆಗೆ ಆಗುವ ಪೆಟ್ಟನ್ನು ತಗ್ಗಿಸುವ ಏರ್ಪಾಡು) ದೋಷವಿದೆ ಎಂಬ ಎಚ್ಚರಿಕೆ ಮತ್ತು ಅದರ ಜೊತೆಗೆ ಆರದೆ ಉರಿಯುವ ಏರ್‌ಬ್ಯಾಗ್ ದೀಪ. ಮಾಲೀಕರು ಎರಡಕ್ಕೂ ‘ಬಾನೆಟ್ ಲಾಕ್ ಕೆಟ್ಟಿದೆ’ ಎಂದೇ ಹೇಳುತ್ತಾರೆ. ಗ್ಯಾರೇಜಿನವರು ಲಾಕ್ ಬದಲಾಯಿಸಿ ಕಳಿಸುತ್ತಾರೆ. ಒಂದು ಮಳೆ ಬಿದ್ದರೆ ದೀಪ ಮತ್ತೆ ಹೊತ್ತಿಕೊಳ್ಳುತ್ತದೆ. ಮೊದಲನೆಯ ಸಂದೇಶ ಹುಟ್ಟುವುದು ಮುಂದಿನ ಚಿಲಕದೊಳಗಿನ ಒಂದು ಸಣ್ಣ ಸ್ವಿಚ್ಚಿನಿಂದ. ಎರಡನೆಯದು ಬಂಪರಿನ ಒಳಗಿನ ಸಂವೇದಕದಿಂದ ಹಿಡಿದು ವಿಂಡ್‌ಶೀಲ್ಡಿನ ಕೆಳಗಿರುವ ಹಿಂಜ್‌ಗಳವರೆಗೆ ಹರಡಿಕೊಂಡ ಬೇರೆಯೇ ಸರ್ಕ್ಯೂಟಿನಿಂದ. ಇವೆರಡನ್ನೂ ಬೇರ್ಪಡಿಸಿ ನೋಡುವುದೇ ದೋಷ ಹುಡುಕುವ ಕೆಲಸದ ಮೊದಲ ಹೆಜ್ಜೆ.

ಈ ವ್ಯವಸ್ಥೆಗೆ ಇನ್ನೊಂದು ವಿಚಿತ್ರ ಗುಣವಿದೆ. ಬ್ರೇಕ್ ಕೆಟ್ಟರೆ ಚಾಲಕನಿಗೆ ಕಾಲಿನಲ್ಲೇ ಗೊತ್ತಾಗುತ್ತದೆ, ಎಸಿ ಕೆಟ್ಟರೆ ಬೆವರು ಹೇಳುತ್ತದೆ. ಪಾದಚಾರಿ ರಕ್ಷಣೆ ಸತ್ತುಹೋಗಿದ್ದರೆ, ಆ ದೀಪವೊಂದನ್ನು ಬಿಟ್ಟು, ಕಾರಿನೊಳಗೆ ಕುಳಿತವರಿಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ರಿಪೇರಿಯ ಹಣ ಕೊಡುವವರು ಒಬ್ಬರು, ಅದರ ಫಲ ಪಡೆಯುವವರು ರಸ್ತೆ ದಾಟುತ್ತಿರುವ ಇನ್ಯಾರೋ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಮಂದಿಯಲ್ಲಿ 32,825 ಮಂದಿ ಪಾದಚಾರಿಗಳು. ಫುಟ್‌ಪಾತ್ ಇಲ್ಲದ, ಇದ್ದರೂ ಅಗೆದು ಬಿಟ್ಟಿರುವ ನಮ್ಮ ರಸ್ತೆಗಳಲ್ಲಿ ಈ ದೀಪವನ್ನು ‘ಆಮೇಲೆ ನೋಡೋಣ’ ಎಂದು ಬಿಡುವುದು ಸಣ್ಣ ಉದಾಸೀನವೆಂದು ನನಗೆ ಅನ್ನಿಸುವುದಿಲ್ಲ.

ಬಾನೆಟ್ ಏಕೆ ಮೇಲೇಳಬೇಕು

ಕಾರು ಗುದ್ದಿದಾಗ ಮೊದಲು ಕಾಲಿಗೆ ಬಂಪರ್ ತಾಗುತ್ತದೆ. ದೇಹ ಬಾನೆಟ್ ಮೇಲೆ ಬಾಗಿ ಬೀಳುತ್ತದೆ, ಕೊನೆಗೆ ತಲೆ ಅಪ್ಪಳಿಸುತ್ತದೆ. ಬಾನೆಟ್ಟಿನ ತಗಡು ತೆಳುವಾದದ್ದು, ಬಾಗಿ ಪೆಟ್ಟನ್ನು ನುಂಗಬಲ್ಲದು. ಆದರೆ ಅದರ ಕೆಳಗೆ ಎಂಜಿನ್, ಬ್ಯಾಟರಿ, ಸಸ್ಪೆನ್ಷನ್ ಗೋಪುರದಂಥ ಗಟ್ಟಿ ಭಾಗಗಳಿವೆ. ತಗಡಿಗೂ ಅವಕ್ಕೂ ನಡುವೆ ಜಾಗವಿಲ್ಲದಿದ್ದರೆ ತಲೆ ತಗಡನ್ನು ದಾಟಿ ಎಂಜಿನ್ನಿಗೇ ಹೊಡೆದ ಹಾಗೆ. ವಿಶ್ವಸಂಸ್ಥೆಯ 127ನೇ ವಾಹನ ನಿಯಮದಡಿಯ ಪರೀಕ್ಷೆಯಲ್ಲಿ ಮಗುವಿನ ತಲೆಗೆ 3.5 ಕೆ.ಜಿ., ವಯಸ್ಕರ ತಲೆಗೆ 4.5 ಕೆ.ಜಿ. ತೂಕದ ಗೋಳಗಳನ್ನು ಗಂಟೆಗೆ 35 ಕಿ.ಮೀ. ವೇಗದಲ್ಲಿ ಬಾನೆಟ್ಟಿಗೆ ಹೊಡೆಸಿ, ತಲೆಗಾಯದ ಸೂಚ್ಯಂಕ ಬಹುಭಾಗದಲ್ಲಿ 1000ವನ್ನೂ ಉಳಿದೆಡೆ 1700ನ್ನೂ ಮೀರಬಾರದೆಂದು ನೋಡುತ್ತಾರೆ. ನಮ್ಮಲ್ಲಿ ಎಐಎಸ್-100 ಇದೇ ಕೆಲಸಕ್ಕೆ ಇರುವ ಮಾನದಂಡ. 2023ರ ಅಕ್ಟೋಬರ್ 1ರಂದು ಜಾರಿಗೆ ಬಂದ, ಕಾರುಗಳ ಸುರಕ್ಷತೆ ಪರೀಕ್ಷಿಸಿ ನಕ್ಷತ್ರ ಕೊಡುವ ಭಾರತ್ ಎನ್‌ಕ್ಯಾಪ್‌ನಲ್ಲಿ ಮೂರು ಅಥವಾ ಹೆಚ್ಚು ನಕ್ಷತ್ರ ಬೇಕಾದರೆ ಪಾದಚಾರಿ ರಕ್ಷಣೆಯ ಮಾನದಂಡವನ್ನೂ ಪೂರೈಸಬೇಕು.

ಈ ಜಾಗವನ್ನು ಎರಡು ರೀತಿಯಲ್ಲಿ ಒದಗಿಸುತ್ತಾರೆ. ಹೆಚ್ಚಿನ ಕಾರುಗಳಲ್ಲಿ ಬಾನೆಟ್ಟನ್ನೇ ಎತ್ತರವಾಗಿ ರೂಪಿಸಿ, ಹಿಂಜ್, ಚಿಲಕದ ಬ್ರಾಕೆಟ್, ಬಾನೆಟ್ಟಿನ ಅಂಚು ಕೂರುವ ರಬ್ಬರ್ ಗುಬ್ಬಿಗಳು ಪೆಟ್ಟಿಗೆ ಕುಸಿಯುವಂತೆ ಮಾಡಿರುತ್ತಾರೆ. ಬಾನೆಟ್ ತಗ್ಗಾಗಿರಬೇಕಾದ ಕಾರುಗಳಲ್ಲಿ ಅಪಘಾತದ ಕ್ಷಣದಲ್ಲೇ ಅದರ ಹಿಂಬದಿಯನ್ನು ಮೇಲೆತ್ತುತ್ತಾರೆ. 2004ರ ಹೋಂಡಾ ಲೆಜೆಂಡ್, 2005ರ ಸಿಟ್ರೊಯೆನ್ ಸಿ6 ಈ ದಾರಿ ಹಿಡಿದ ಮೊದಲಿಗರಲ್ಲಿ ಸೇರುತ್ತವೆ. 2012ರಲ್ಲಿ ಬಂದ ವೋಲ್ವೊ ವಿ40 ವಿಂಡ್‌ಶೀಲ್ಡಿನ ಬುಡಕ್ಕೆ ಹೊರಗಿನ ಏರ್‌ಬ್ಯಾಗನ್ನೂ ಸೇರಿಸಿತು. ಇಂದು ಬೆಂಗಳೂರಿನಲ್ಲಿ ಓಡಾಡುವ ಹಲವು ದುಬಾರಿ ಕಾರುಗಳಲ್ಲಿ ಇಂಥ ಬಾನೆಟ್ ಇದೆ.

ಇಲ್ಲಿ ಮುಂದಿನ ಚಿಲಕದ ಪಾತ್ರವನ್ನು ಬಹಳ ಮಂದಿ ಗಮನಿಸುವುದಿಲ್ಲ. ಹಿಂಬದಿ ಏಳುವಾಗ ಬಾನೆಟ್ ತಿರುಗುವುದು ಮುಂದಿನ ಚಿಲಕವನ್ನೇ ಆಧಾರವಾಗಿಟ್ಟುಕೊಂಡು. ಚಿಲಕ ಪೂರ್ತಿ ಬಿದ್ದಿರದೆ ಬಾನೆಟ್ ಕೇವಲ ಸುರಕ್ಷತಾ ಕೊಕ್ಕೆಯಲ್ಲಿ (ಚಿಲಕ ಬಿಟ್ಟರೂ ಬಾನೆಟ್ ಪೂರ್ತಿ ತೆರೆಯದಂತೆ ತಡೆಯುವ ಎರಡನೆಯ ಹಿಡಿತ) ನೇತಾಡುತ್ತಿದ್ದರೆ ಆ ಆಧಾರವೇ ಇಲ್ಲ. ಸಂವೇದಕ, ಕಂಪ್ಯೂಟರ್, ಎತ್ತುವ ಸಾಧನ ಎಲ್ಲವೂ ಸರಿಯಿದ್ದರೂ ಬಾನೆಟ್ ಏಳಬೇಕಾದಂತೆ ಏಳುವುದಿಲ್ಲ. ಆದ್ದರಿಂದ ದೂರು ಯಾವುದೇ ಇರಲಿ, ಪರೀಕ್ಷೆ ಚಿಲಕದಿಂದಲೇ ಆರಂಭವಾಗಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಕೈ ಹಾಕುವ ಮೊದಲು

ಹಿಂಜ್ ಹತ್ತಿರ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅಲ್ಲಿ ಸ್ಫೋಟಕ ತುಂಬಿದ ಸಾಧನವಿದೆ ಎಂದು ತಿಳಿಯಿರಿ. ಅದು ಏರ್‌ಬ್ಯಾಗ್ ಕುಟುಂಬದ್ದೇ. ಅದರ ತಂತಿಗೆ ಸಾಮಾನ್ಯ ಮಲ್ಟಿಮೀಟರ್ ಹಚ್ಚಿ ರೋಧ ಅಳೆಯುವುದು ಪ್ರಾಣಕ್ಕೆ ಕುತ್ತು. ಮೀಟರಿನ ಸಣ್ಣ ವಿದ್ಯುತ್ತೂ ಅದನ್ನು ಸಿಡಿಸಬಹುದು. ಆ ಭಾಗಕ್ಕೆ ಕೈ ಹಾಕುವ ಮೊದಲು ಇಗ್ನಿಷನ್ ಆರಿಸಿ, 12 ವೋಲ್ಟ್ ಬ್ಯಾಟರಿಯ ಋಣ (ನೆಗೆಟಿವ್) ತಂತಿ ಕಳಚಿ, ಏರ್‌ಬ್ಯಾಗ್ ಕಂಪ್ಯೂಟರಿನೊಳಗೆ ವಿದ್ಯುತ್ ಹಿಡಿದಿಡುವ ಕೆಪಾಸಿಟರ್ ಬರಿದಾಗುವಷ್ಟು ಹೊತ್ತು ಕಾಯಬೇಕು. ಎಷ್ಟು ಹೊತ್ತೆಂಬುದು ಆಯಾ ಕಂಪನಿಯ ಕೈಪಿಡಿಯಲ್ಲಿರುತ್ತದೆ. ವಿದ್ಯುತ್ ಕಾರಿನಲ್ಲೂ ಈ 12 ವೋಲ್ಟಿನ ಬ್ಯಾಟರಿ ಬೇರೆಯೇ ಇರುತ್ತದೆ ಎಂಬುದು ನೆನಪಿರಲಿ. ಮುಂದೆ ಹೇಳುವ ಚಿಲಕದ ಕೆಲಸವನ್ನು ಮಾಲೀಕರೇ ಮಾಡಬಹುದು. ಹಿಂಜ್ ಮತ್ತು ಬಂಪರಿನ ಕೆಲಸ ತರಬೇತಿ ಪಡೆದವರದು.

‘ಬಾನೆಟ್ ತೆರೆದಿದೆ’ ಎಂಬ ಸಂದೇಶ

ಮೊದಲು ಸಂದೇಶವನ್ನು ನಂಬಿ. ಕಾರು ನಿಲ್ಲಿಸಿ, ಇಳಿದು, ಬಾನೆಟ್ಟಿನ ಮುಂಭಾಗದ ಅಂಚನ್ನು ಎರಡೂ ಕೈಗಳಿಂದ ಮೇಲಕ್ಕೆ ಎಳೆದು ನೋಡಿ. ಒಂದೆರಡು ಬೆರಳು ತೂರುವಷ್ಟು ಮೇಲೆ ಬಂದು ನಿಂತರೆ ಅದು ಕೊಕ್ಕೆಯಲ್ಲಿ ಮಾತ್ರ ಇದೆ. ನೈಸ್ ರಸ್ತೆಯ ವೇಗದಲ್ಲಿ ಗಾಳಿಯ ಒತ್ತಡಕ್ಕೆ ಆ ಕೊಕ್ಕೆಯೂ ಬಿಟ್ಟುಕೊಂಡರೆ ಬಾನೆಟ್ ವಿಂಡ್‌ಶೀಲ್ಡಿಗೆ ಬಡಿಯುತ್ತದೆ. ಅಲುಗಾಡದೆ ಬಿಗಿಯಾಗಿದ್ದರೆ ಮಾತ್ರ ಸ್ವಿಚ್ಚಿನ ಮೇಲೆ ಸಂಶಯ ಪಡಿ.

ಸ್ವಿಚ್ ತಪ್ಪು ಹೇಳುತ್ತಿದೆಯೆಂದು ಹೇಳಬಲ್ಲ ಎರಡು ಸುಳಿವುಗಳಿವೆ. ಸಿಗ್ನಲ್ಲಿನಲ್ಲಿ ನಿಂತಾಗ ತಾನಾಗಿ ಆರಬೇಕಾದ ಎಂಜಿನ್ ಆರದೆ ಇರುತ್ತದೆ, ಏಕೆಂದರೆ ಬಾನೆಟ್ ತೆರೆದಿದೆ ಎಂದು ತಿಳಿದರೆ ಆ ಸೌಲಭ್ಯ ಕೆಲಸ ಮಾಡುವುದಿಲ್ಲ. ಇನ್ನೊಂದು, ರಾತ್ರಿ ಕಾರಣವಿಲ್ಲದೆ ಕಳ್ಳತನದ ಅಲಾರಂ ಕೂಗುತ್ತದೆ. ಇವೆರಡೂ ಬಾನೆಟ್ ಸಂದೇಶದ ಜೊತೆಗೇ ಶುರುವಾಗಿದ್ದರೆ ಮೂರಕ್ಕೂ ಒಂದೇ ಸ್ವಿಚ್ ಕಾರಣವಾಗಿರುವ ಸಂಭವ ಹೆಚ್ಚು. ಬ್ಯಾಟರಿ ದುರ್ಬಲವಾಗಿದ್ದರೂ ಎಂಜಿನ್ ಆರುವ ಸೌಲಭ್ಯ ನಿಲ್ಲುತ್ತದೆ, ಹಾಗಾಗಿ ಅದೊಂದನ್ನೇ ಹಿಡಿದು ತೀರ್ಮಾನಕ್ಕೆ ಬರಬೇಡಿ.

ಈಗ ಬಾನೆಟ್ ತೆರೆದಿಟ್ಟು, ಚಿಲಕದ ಬಾಯಲ್ಲಿರುವ ತಿರುಗುವ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಕೆಳಗೆ ಒತ್ತಿ. ಎರಡು ಹಂತದಲ್ಲಿ ‘ಟಕ್’ ಸದ್ದು ಬರಬೇಕು, ಎರಡನೆಯ ಸದ್ದಿಗೆ ಸಂದೇಶ ಮಾಯವಾಗಬೇಕು. ಮಾಯವಾದರೆ ಸ್ವಿಚ್ ಸರಿಯಿದೆ, ಬಾನೆಟ್ ಸಾಕಷ್ಟು ಕೆಳಗೆ ಬರುತ್ತಿಲ್ಲ ಎಂದರ್ಥ, ಹೊಂದಾಣಿಕೆ ನೋಡಬೇಕು. ಕೊಂಡಿ ಪೂರ್ತಿ ತಿರುಗಿಯೂ ಸಂದೇಶ ಉಳಿದರೆ ದೋಷ ಸ್ವಿಚ್ಚಿನದು ಅಥವಾ ಅದರ ತಂತಿಯದು. ಪರೀಕ್ಷೆ ಮುಗಿದ ಮೇಲೆ ಒಳಗಿನ ಲಿವರ್ ಎಳೆದು ಕೊಂಡಿಯನ್ನು ಬಿಡಿಸಲು ಮರೆಯಬೇಡಿ. ಮುಚ್ಚಿದ ಕೊಂಡಿಯ ಮೇಲೆ ಬಾನೆಟ್ ಬಡಿದರೆ ತಗಡು ಬಾಗುತ್ತದೆ.

ಸ್ವಿಚ್ ಎಷ್ಟು ಸಣ್ಣ ಭಾಗವಾದರೂ ಅದರ ದೋಷ ಎಷ್ಟು ದೊಡ್ಡದಾಗಬಲ್ಲದು ಎಂಬುದಕ್ಕೆ 2024ರ ಜುಲೈಯಲ್ಲಿ ಅಮೆರಿಕದಲ್ಲಿ ಟೆಸ್ಲಾ ಹೊರಡಿಸಿದ ಮರುಕರೆ ಸಾಕ್ಷಿ. ಬಾನೆಟ್ ಚಿಲಕದ ಸ್ವಿಚ್ ವಿರೂಪಗೊಂಡು, ತೆರೆದ ಬಾನೆಟ್ಟನ್ನೂ ಮುಚ್ಚಿದೆ ಎಂದೇ ತಿಳಿಯುವ ದೋಷವದು; ಸುಮಾರು 18 ಲಕ್ಷ ವಾಹನಗಳು ಅದರ ವ್ಯಾಪ್ತಿಗೆ ಬಂದವು. ನಮ್ಮ ದೂರು ಅದಕ್ಕೆ ತಿರುಗುಮುರುಗು. ಆದರೂ ಪರೀಕ್ಷೆ ಎರಡೂ ದಿಕ್ಕಿನಲ್ಲಿ ಆಗಬೇಕು: ಮುಚ್ಚಿದಾಗ ಸಂದೇಶ ಹೋಗುವುದನ್ನಷ್ಟೇ ನೋಡದೆ, ತೆರೆದಾಗ ಅದು ಬರುತ್ತದೆಯೇ ಎಂದೂ ನೋಡಿ. ಹಿಂದೆ ಯಾರಾದರೂ ಸ್ವಿಚ್ಚಿನ ತಂತಿಗಳನ್ನು ಒಟ್ಟು ಸೇರಿಸಿ ಸಂದೇಶದ ಬಾಯಿ ಮುಚ್ಚಿಸಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ.

ಹೊಂದಾಣಿಕೆಯ ದೋಷವಿದ್ದರೆ ಅಂಚಿನ ರಬ್ಬರ್ ಗುಬ್ಬಿಗಳನ್ನು ಮೊದಲು ನೋಡಿ. ಅವನ್ನು ತಿರುಗಿಸಿ ಎತ್ತರ ಹೊಂದಿಸಬಹುದು. ಬಾನೆಟ್ ಅಲುಗಿ ಸದ್ದು ಮಾಡುತ್ತದೆಂದು ಯಾರೋ ಅವನ್ನು ಮೇಲಕ್ಕೆ ತಿರುಗಿಸಿರುತ್ತಾರೆ; ಆಗ ಚಿಲಕ ಎರಡನೆಯ ಹಂತಕ್ಕೆ ಬೀಳುವುದಿಲ್ಲ. ಬಾನೆಟ್ಟಿನ ಕೆಳಗಿರುವ ಉಕ್ಕಿನ ಕುಣಿಕೆ ಕೊಂಡಿಯ ನಟ್ಟನಡುವೆ ಇಳಿಯಬೇಕು. ಅದರ ಒಂದು ಬದಿಯಲ್ಲಿ ಮಾತ್ರ ಉಜ್ಜಿದ ಹೊಳಪು ಕಂಡರೆ ಬಾನೆಟ್ ಪಕ್ಕಕ್ಕೆ ಸರಿದಿದೆ.

ಧೂಳು, ಗ್ರೀಸ್ ಮತ್ತು ಕೊಕ್ಕೆ

ಚಿಲಕ ಕೆಡಲು ಬೆಂಗಳೂರಿನಲ್ಲಿ ಮುಖ್ಯ ಕಾರಣ ಧೂಳು. ಮೆಟ್ರೊ ಕಾಮಗಾರಿಯ ಸಿಮೆಂಟ್ ಧೂಳು ರೇಡಿಯೇಟರ್ ಕಡೆಗೆ ಎಳೆದುಕೊಂಡು ಬರುವ ದಾರಿಯಲ್ಲೇ ಚಿಲಕವಿದೆ. ಹಳೆಯ ಗ್ರೀಸಿಗೆ ಅಂಟಿ, ಮಳೆಯ ತೇವಕ್ಕೆ ಕಲಸಿ, ಬಿಸಿಗೆ ಒಣಗಿ ಅದು ಗಟ್ಟಿ ಪದರವಾಗುತ್ತದೆ. ಆಗ ಕೊಂಡಿಯನ್ನು ಹಿಡಿದಿಡುವ ತಡೆಹಲ್ಲು ನಿಧಾನವಾಗಿ ಮರಳುತ್ತದೆ, ಅರ್ಧಕ್ಕೇ ನಿಲ್ಲುತ್ತದೆ. ಅದರ ಮೇಲೆಯೇ ಹೊಸ ಗ್ರೀಸ್ ಮೆತ್ತುವುದು ಎಲ್ಲೆಡೆ ಕಾಣುವ ತಪ್ಪು ರೂಢಿ. ಮೊದಲು ದ್ರಾವಕ ಸಿಂಪಡಿಸಿ, ಬ್ರಷ್‌ನಿಂದ ಉಜ್ಜಿ, ಲೋಹ ಕಾಣುವವರೆಗೆ ತೊಳೆಯಬೇಕು. ಒಣಗಿದ ಮೇಲೆ ತೆಳುವಾಗಿ ಲಿಥಿಯಂ ಗ್ರೀಸ್ ಸಾಕು. ಸ್ವಿಚ್ಚಿನ ಕನೆಕ್ಟರಿಗೆ ದ್ರಾವಕ ತಾಗದಂತೆ ಬಟ್ಟೆ ಕಟ್ಟಿಕೊಳ್ಳಿ. ವಾಟರ್ ಸರ್ವಿಸ್‌ನವರು ಒತ್ತಡದ ನೀರನ್ನು ನೇರವಾಗಿ ಚಿಲಕಕ್ಕೆ ಹಿಡಿಯದಂತೆ ಹೇಳುವುದೂ ಒಳ್ಳೆಯದು.

ಸುರಕ್ಷತಾ ಕೊಕ್ಕೆಯ ಪರೀಕ್ಷೆ ಸುಲಭ, ಆದರೆ ಮಾಡುವವರು ಕಡಿಮೆ. ಕೊಕ್ಕೆಯ ನಾಲಿಗೆಯನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿ ಬಿಡಿ. ಅದು ಸ್ಪ್ರಿಂಗ್‌ನ ಬಲದಿಂದ ತಾನೇ ಚುರುಕಾಗಿ ಮೊದಲಿನ ಜಾಗಕ್ಕೆ ಬರಬೇಕು. ಸೋಮಾರಿಯಾಗಿ ಬಂದರೂ, ನೀವು ತಳ್ಳಿದಲ್ಲೇ ನಿಂತರೂ, ಆ ಕಾರನ್ನು ಹೆದ್ದಾರಿಗೆ ಒಯ್ಯಬೇಡಿ. ನಿಸಾನ್ ಕಂಪನಿ ಆಲ್ಟಿಮಾ ಕಾರನ್ನು ಅಮೆರಿಕದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಮರುಕರೆ ಮಾಡಿದ್ದು ಇಂಥದೇ ಕಾರಣಕ್ಕೆ: ಎರಡನೆಯ ಚಿಲಕದ, ಅಂದರೆ ಈ ಕೊಕ್ಕೆಯ, ಬಣ್ಣ ಕಿತ್ತು, ತುಕ್ಕು ಹಿಡಿದು, ಅದು ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಳ್ಳುತ್ತಿತ್ತು.

ಲಿವರ್ ಎಳೆದರೆ ಸಡಿಲವಾಗಿ ಬಂದು ಬಾನೆಟ್ ತೆರೆಯದಿದ್ದರೆ ಕೇಬಲ್ ತುಂಡಾಗಿದೆ ಅಥವಾ ಹಿಡಿಕೆಯಿಂದ ಕಳಚಿದೆ. ಬಿಗಿಯಾಗಿದ್ದು ತೆರೆಯದಿದ್ದರೆ, ಒಬ್ಬರು ಲಿವರ್ ಎಳೆದಿರುವಾಗ ಇನ್ನೊಬ್ಬರು ಚಿಲಕದ ಮೇಲ್ಭಾಗದಲ್ಲಿ ಬಾನೆಟ್ಟನ್ನು ಅಂಗೈಯಿಂದ ಒತ್ತಿದರೆ ಸಾಮಾನ್ಯವಾಗಿ ಬಿಡುತ್ತದೆ.

ಪಾದಚಾರಿ ರಕ್ಷಣೆಯ ಎಚ್ಚರಿಕೆ ದೀಪ

ಇಲ್ಲಿ ಊಹೆಗೆ ಜಾಗವಿಲ್ಲ, ಸ್ಕ್ಯಾನರ್ ಬೇಕು. ಎಂಜಿನ್ನಿನ ದೋಷ ಸೂಚಿಸುವ ಕೋಡ್ ಮಾತ್ರ ಓದುವ ಅಗ್ಗದ ಸಾಧನ ‘ದೋಷವಿಲ್ಲ’ ಎನ್ನುತ್ತದೆ, ಏಕೆಂದರೆ ಈ ದೋಷ ಏರ್‌ಬ್ಯಾಗ್ ಕಂಪ್ಯೂಟರಿನಲ್ಲಿ ದಾಖಲಾಗಿರುತ್ತದೆ. ಅದನ್ನು ಓದಬಲ್ಲ ಸ್ಕ್ಯಾನರ್ ಇರುವ ಕಡೆಗೇ ಹೋಗಿ. ಕೋಡ್ ಅಳಿಸುವ ಮೊದಲು ಅದನ್ನು ಬರೆದುಕೊಳ್ಳಿ, ಪರದೆಯ ಫೋಟೊ ತೆಗೆಯಿರಿ.

ಕೋಡ್ ಮುಂಭಾಗದ ಸಂವೇದಕದ ಕಡೆ ಬೆರಳು ತೋರಿಸಿದರೆ ಬಂಪರಿನ ಇತಿಹಾಸ ಕೇಳಿ. ಬಹಳ ಕಾರುಗಳಲ್ಲಿ ಬಂಪರ್ ಹೊದಿಕೆಯ ಹಿಂದಿನ ಫೋಮ್‌ನಲ್ಲಿ ತೋಡು ಕೊರೆದು, ಅದರಲ್ಲಿ ಗಾಳಿ ತುಂಬಿದ ಸಿಲಿಕೋನ್ ಕೊಳವೆಯನ್ನು ಈ ಬದಿಯಿಂದ ಆ ಬದಿಗೆ ಹಾಯಿಸಿರುತ್ತಾರೆ. ಎರಡು ತುದಿಗಳಲ್ಲೂ ಒತ್ತಡ ಅಳೆಯುವ ಸಂವೇದಕಗಳಿವೆ. ಕಾಲು ತಾಗಿದಾಗ ಕೊಳವೆ ಹಿಂಡಿಕೊಂಡು ಗಾಳಿಯ ಅಲೆ ಎರಡೂ ತುದಿಗೆ ಓಡುತ್ತದೆ. ಅದರ ಆಕಾರ ನೋಡಿ ಕಂಪ್ಯೂಟರ್ ಗುದ್ದಿದ್ದು ಕಾಲೇ, ಕಂಬವೇ ಎಂದು ತೀರ್ಮಾನಿಸುತ್ತದೆ. ಇನ್ನು ಕೆಲವು ಕಾರುಗಳಲ್ಲಿ ಕೊಳವೆಯ ಬದಲು ವೇಗೋತ್ಕರ್ಷ ಸಂವೇದಕಗಳಿರುತ್ತವೆ. ಎತ್ತರದ ಹಂಪ್‌ಗಳಿಗೆ ಉಜ್ಜಿ ಕಿತ್ತ ಬಂಪರನ್ನು ಮತ್ತೆ ಕೂರಿಸುವಾಗ ಕೊಳವೆ ತೋಡಿನಿಂದ ಜಾರಿ ಮಡಚಿಕೊಳ್ಳುತ್ತದೆ, ತುದಿ ಕಳಚುತ್ತದೆ. ಅಪಾರ್ಟ್‌ಮೆಂಟ್‌ಗಳ ನೆಲಮಾಳಿಗೆಯಲ್ಲಿ ನಿಲ್ಲುವ ಕಾರುಗಳಲ್ಲಿ ಇಲಿ ಹೆಗ್ಗಣಗಳು ಅದನ್ನು ಕಡಿದಿರುವುದೂ ಉಂಟು. ಕಂಪನಿಯದಲ್ಲದ ಬಂಪರ್ ಹಾಕಿಸಿದ್ದರೆ ಅದರ ಫೋಮ್‌ನಲ್ಲಿ ತೋಡು ಇರುವುದಿಲ್ಲ ಅಥವಾ ಫೋಮ್ ಬೇರೆ ಗಡಸಿನದಾಗಿರುತ್ತದೆ. ಇಂಥ ಬಂಪರಿನಲ್ಲಿ ದೀಪ ಆರಿದ್ದರೂ ಸಂವೇದಕಕ್ಕೆ ತಲುಪುವ ಪೆಟ್ಟಿನ ಅಳತೆಯೇ ತಪ್ಪಾಗಿರುತ್ತದೆ.

ಕ್ರ್ಯಾಶ್ ಗಾರ್ಡ್ ಇದ್ದರೆ ಕಳಚಿ ಹಾಕಿ. ಅದು ಕಾಲಿಗೂ ಸಂವೇದಕಕ್ಕೂ ನಡುವೆ ನಿಲ್ಲುವ ಉಕ್ಕಿನ ಗೋಡೆ. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಇದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಉಲ್ಲಂಘನೆ ಎಂದು ರಾಜ್ಯಗಳಿಗೆ ತಿಳಿಸಿತ್ತು. ಆಮೇಲೂ ಅದನ್ನು ಹಾಕಿಸಿಕೊಳ್ಳುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಕೋಡ್ ಹಿಂಬದಿಯ ಎತ್ತುವ ಸಾಧನದ್ದಾದರೆ, ಅದರಲ್ಲೂ ‘ರೋಧ ಹೆಚ್ಚು’ ಎಂದಿದ್ದರೆ, ವಿಂಡ್‌ಶೀಲ್ಡಿನ ಬುಡದ ಕಪ್ಪು ಪ್ಲಾಸ್ಟಿಕ್ ತಟ್ಟೆಯನ್ನು ಎತ್ತಿಸಿ ನೋಡಿ. ಮಳೆಮರ, ಗುಲ್‌ಮೊಹರ್‌ಗಳ ನೆರಳಲ್ಲಿ ನಿಲ್ಲುವ ಕಾರುಗಳಲ್ಲಿ ಅವುಗಳ ಸಣ್ಣ ಎಲೆಗಳು ಅಲ್ಲಿ ಸೇರಿ ನೀರು ಹೋಗುವ ತೂತುಗಳನ್ನು ಕಟ್ಟುತ್ತವೆ. ಜಯನಗರ, ಮಲ್ಲೇಶ್ವರದಂಥ ಬಡಾವಣೆಗಳಲ್ಲಿ ನೆರಳು ಹುಡುಕಿ ಕಾರು ನಿಲ್ಲಿಸುವವರು ಇದನ್ನು ಗಮನಿಸಬೇಕು. ನಿಂತ ನೀರಿನ ತೇವ ಹಿಂಜ್ ಪಕ್ಕದ ಕನೆಕ್ಟರಿಗೆ ಹತ್ತಿ ಪಿನ್ನುಗಳು ಹಸಿರುಗಟ್ಟುತ್ತವೆ. ಮಳೆ ಬಂದಾಗ ಬರುವ, ಬಿಸಿಲಿಗೆ ಹೋಗುವ ದೀಪದ ಮೂಲ ಹೆಚ್ಚಾಗಿ ಇಲ್ಲೇ ಇರುತ್ತದೆ. ಬ್ಯಾಟರಿ ಕಳಚಿ ಕಾದ ನಂತರ, ತರಬೇತಿ ಪಡೆದ ಎಲೆಕ್ಟ್ರಿಷಿಯನ್ ಆ ಸಾಧನವನ್ನು ಬೇರ್ಪಡಿಸಿ, ಅದರ ಜಾಗದಲ್ಲಿ ಸುಮಾರು 2 ಓಮ್‌ನ ಪರೀಕ್ಷಾ ರೋಧಕ ಜೋಡಿಸುತ್ತಾನೆ. ಬ್ಯಾಟರಿ ಮತ್ತೆ ಜೋಡಿಸಿದಾಗ ಕೋಡ್ ಹೋದರೆ ದೋಷ ಸಾಧನದಲ್ಲಿ. ಉಳಿದರೆ ತಂತಿಯಲ್ಲಿ ಅಥವಾ ಕನೆಕ್ಟರಿನಲ್ಲಿ.

ಆ ರೋಧಕ ಪರೀಕ್ಷೆ ಮುಗಿಯುವವರೆಗೆ ಮಾತ್ರ ಅಲ್ಲಿರಬೇಕು. ಅದನ್ನೇ ಶಾಶ್ವತವಾಗಿ ಬೆಸೆದು, ದೀಪ ಆರಿಸಿ, ‘ಸರಿಯಾಯಿತು’ ಎಂದು ಬಿಲ್ ಕೊಡುವ ಗ್ಯಾರೇಜುಗಳಿವೆ. ಕಂಪ್ಯೂಟರಿಗೆ ಎಲ್ಲವೂ ಸರಿಯಿರುವಂತೆ ಕಾಣುತ್ತದೆ, ಮಾಲೀಕನಿಗೆ ಹಣ ಉಳಿದಂತೆ ಕಾಣುತ್ತದೆ. ಸಂಜೆ ಬಸ್ಸಿಳಿದು ರಸ್ತೆ ದಾಟುವ ಯಾರದೋ ತಲೆಗೆ ಸಿಗಬೇಕಾಗಿದ್ದ ಕೆಲವು ಸೆಂಟಿಮೀಟರ್ ಜಾಗವನ್ನು ಅಲ್ಲಿ ಕದ್ದಿರುತ್ತಾರೆ. ಇದನ್ನು ರಿಪೇರಿ ಎಂದು ಕರೆಯಲು ನಾನು ಒಪ್ಪುವುದಿಲ್ಲ. ಬದಲಾದ ಹಳೆಯ ಭಾಗ ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ, ಕೇಳಿ. ಹಾಗೆಯೇ ಶಿವಾಜಿನಗರದ ಗುಜರಿಯಲ್ಲಿ ಅಗ್ಗಕ್ಕೆ ಸಿಗಬಹುದೆಂದು ಈ ಸಾಧನವನ್ನು ಹಳೆಯದು ತರಬೇಡಿ. ಅದು ಒಮ್ಮೆ ಮಾತ್ರ ಸಿಡಿಯುವ ವಸ್ತು. ಯಾವ ಕಾರಿನಿಂದ, ಯಾವ ಸ್ಥಿತಿಯಲ್ಲಿ ಬಿಚ್ಚಿದ್ದೆಂದು ಹೊರಗಿನಿಂದ ತಿಳಿಯದು.

ಬಾನೆಟ್ ಎದ್ದು ನಿಂತಿದ್ದರೆ

ಬೀದಿನಾಯಿಯೋ ಪೊಲೀಸರ ಪ್ಲಾಸ್ಟಿಕ್ ಕೋನೋ ತಾಗಿ ಬಾನೆಟ್ ಮೇಲೆದ್ದರೆ ಅದು ಕೆಟ್ಟಿದೆ ಎಂದಲ್ಲ. ವ್ಯವಸ್ಥೆ ನಿಗದಿತ ವೇಗದ ಮಿತಿಯೊಳಗೆ ಕಾಲಿನಂಥ ಪೆಟ್ಟಿಗೆ ಪ್ರತಿಕ್ರಿಯಿಸುತ್ತದೆ, ಯಾರ ಕಾಲೆಂದು ಅದಕ್ಕೆ ತಿಳಿಯದು. ಎದ್ದ ಬಾನೆಟ್ ಮೇಲೆ ಕುಳಿತೋ ಗುದ್ದಿಯೋ ಕೆಳಗಿಳಿಸಲು ಹೋಗಬೇಡಿ. ಸ್ಪ್ರಿಂಗ್‌ನಿಂದ ಏಳುವ ಕೆಲವು ಕಾರುಗಳಲ್ಲಿ ಕೈಪಿಡಿಯಲ್ಲಿ ಹೇಳಿದಂತೆ ಮಾಲೀಕರೇ ಅದನ್ನು ಮರಳಿ ಕೂರಿಸಬಹುದು. ಸಿಡಿಮದ್ದಿನಿಂದ ಏಳುವಂಥದ್ದಾದರೆ ಸಾಧನಗಳನ್ನು, ಹಲವು ಮಾದರಿಗಳಲ್ಲಿ ಹಿಂಜ್‌ಗಳನ್ನೂ ಬದಲಾಯಿಸಲೇಬೇಕು. ಸಿಡಿದ ಸಾಧನ ಬಿಸಿಯಾಗಿರುತ್ತದೆ, ಮುಟ್ಟಬೇಡಿ. ಹಳೆಯ ಕಾರು ಕೊಳ್ಳುವವರು ಹಿಂಜ್ ಬೋಲ್ಟುಗಳ ಬಣ್ಣ ಒಡೆದಿದೆಯೇ ನೋಡಿ. ಒಡೆದಿದ್ದರೆ ಯಾಕೆಂದು ಕೇಳಿ, ಏರ್‌ಬ್ಯಾಗ್ ಕಂಪ್ಯೂಟರ್ ಓದಿಸದೆ ಮುಂಗಡ ಕೊಡಬೇಡಿ.

ಟಿಂಕರಿಂಗ್ ಆದ ಮೇಲೆ

ದೀಪವೇ ಇಲ್ಲದ ಸಾಧಾರಣ ಕಾರುಗಳಿಗೂ ಈ ಮಾತು ಅನ್ವಯಿಸುತ್ತದೆ. ಮುಂಭಾಗ ಜಜ್ಜಿದ ಕಾರನ್ನು ಸರಿಪಡಿಸುವಾಗ ಕೆಲವು ಟಿಂಕರ್‌ಗಳು ಚಿಲಕದ ಬ್ರಾಕೆಟ್ಟಿಗೆ ಪಟ್ಟಿ ಬೆಸೆದು ‘ಇನ್ನು ಅಲುಗುವುದಿಲ್ಲ’ ಎಂದು ಪ್ರೀತಿಯಿಂದಲೇ ಹೇಳುತ್ತಾರೆ. ಆ ಬ್ರಾಕೆಟ್ ತೆಳುವಾಗಿರುವುದು ತಲೆ ತಾಗಿದಾಗ ಕುಸಿಯಲೆಂದು. ಗಟ್ಟಿ ಮಾಡಿದರೆ ಅದೇ ಬಾನೆಟ್ಟಿನ ಅತಿ ಕ್ರೂರವಾದ ಜಾಗವಾಗುತ್ತದೆ. ಬಾನೆಟ್ಟಿನ ಒಳಪದರದ ತೂತುಗಳನ್ನು ಮುಚ್ಚುವುದು, ದಪ್ಪಗೆ ಪುಟ್ಟಿ ತುಂಬುವುದು, ಮೊದಲಿನದಕ್ಕಿಂತ ಎತ್ತರದ ಬ್ಯಾಟರಿ ಕೂರಿಸುವುದು ಇವೆಲ್ಲ ಅದೇ ಜಾತಿಯ ತಪ್ಪುಗಳು. ಬ್ರಾಕೆಟ್ ಬಾಗಿದ್ದರೆ ಜೆ.ಸಿ. ರಸ್ತೆಯ ಅಂಗಡಿಗಳಲ್ಲಾಗಲಿ ಕಂಪನಿಯ ಮಳಿಗೆಯಲ್ಲಾಗಲಿ ಅದೇ ಮಾದರಿಯ ಅಸಲಿ ಭಾಗ ಹುಡುಕಿ ಬದಲಾಯಿಸಿ.

ರಿಪೇರಿ ಮುಗಿದ ಮೇಲೆ ಗ್ಯಾರೇಜಿನ ಅಂಗಳದಲ್ಲೇ ಹೀಗೆ ನೋಡಿ. ಇಗ್ನಿಷನ್ ಹಾಕಿದಾಗ ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡು ಉರಿದು ಆರಬೇಕು. ಉರಿಯದೇ ಇದ್ದರೆ ಅದೂ ದೋಷವೇ. ಬಾನೆಟ್ಟನ್ನು ಸುಮಾರು 20ರಿಂದ 30 ಸೆಂ.ಮೀ. ಎತ್ತರದಿಂದ ಬಿಟ್ಟರೆ ತನ್ನ ತೂಕಕ್ಕೇ ಎರಡೂ ಹಂತ ಬೀಳಬೇಕು, ಮೃದುವಾಗಿ ಮುಚ್ಚುವ ಸೌಲಭ್ಯ ಇರುವ ಮಾದರಿಗಳನ್ನು ಬಿಟ್ಟು. ಎರಡು ಬದಿಯ ಸಂದಿಗಳು ಸಮವಾಗಿರಬೇಕು. ಲಿವರ್ ಎಳೆದಾಗ ಬಾನೆಟ್ ಕೊಕ್ಕೆಯಲ್ಲಿ ನಿಲ್ಲಬೇಕು, ಕೊಕ್ಕೆ ತಳ್ಳದೆ ತೆರೆಯಬಾರದು. ಆಮೇಲೆ ಗುಂಡಿಬಿದ್ದ ರಸ್ತೆಯಲ್ಲೊಂದು ಸುತ್ತು ಹೋಗಿ ಬಂದು ಕೋಡ್‌ಗಳನ್ನು ಮತ್ತೆ ಓದಿಸಿ. ತೇವದ ದೋಷವಾಗಿದ್ದರೆ ಮುಂದಿನ ಜೋರು ಮಳೆಯ ಮರುದಿನ ಇನ್ನೊಮ್ಮೆ ಓದಿಸಿ, ಆಗಲೂ ಖಾಲಿಯಿದ್ದರೆ ಮಾತ್ರ ಕೆಲಸ ಮುಗಿಯಿತು ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.